ಹಕ್ಕಿಗೊಂದು ಕಾಲುಂಗುರ

ಹ್ಯಾಂಬರ್ಗ್‌ನಲ್ಲಿ ಕೆಲಸ ಮಾಡುವ ನಮ್ಮಂಥವರಿಗೆ ಹೆಲ್ಗೋಲ್ಯಾಂಡ್ ಅಂದ್ರೆ ತೆರಿಗೆಯಿಲ್ಲದೆ ಪರ್ಫ್ಯೂಮು, ಚಾಕೊಲೇಟು ಸಿಗುವ ದ್ವೀಪ. ಬೆಳಿಗ್ಗೆ ಹಡಗು ಹತ್ತಿದರೆ ಸುಮಾರು ನಾಲ್ಕು ಗಂಟೆ ದಾರಿ, ಸಂಜೆ ವಾಪಸ್. ನಾನು ಮಾತ್ರ ಏಪ್ರಿಲ್ ಕೊನೆಯಲ್ಲಿ ಎರಡು ರಾತ್ರಿ ಅಲ್ಲೇ ಉಳಿದೆ. ಹಕ್ಕಿಗಳಿಗೆ ಉಂಗುರ ತೊಡಿಸೋದನ್ನು ನೋಡಬೇಕಿತ್ತು.

ದಡದಿಂದ ಸುಮಾರು 50 ಕಿ.ಮೀ. ದೂರ, ಉತ್ತರ ಸಮುದ್ರದಲ್ಲಿ ಎದ್ದು ನಿಂತ ಕೆಂಪು ಬಂಡೆ ಇದು. ಮುಖ್ಯ ದ್ವೀಪದ ವಿಸ್ತೀರ್ಣ ಒಂದು ಚದರ ಕಿ.ಮೀ. ಅಷ್ಟೇ. ದಕ್ಷಿಣ ಯುರೋಪ್, ಆಫ್ರಿಕಾದಲ್ಲಿ ಚಳಿಗಾಲ ಕಳೆದು ಸ್ಕ್ಯಾಂಡಿನೇವಿಯಾ ಕಡೆ ಹೊರಟ ಪುಟ್ಟ ಹಕ್ಕಿಗಳಿಗೆ ರಾತ್ರಿ ಮಳೆಗಾಳಿ ಎದುರಾದರೆ ಸುತ್ತಮುತ್ತ ಇಳಿಯೋಕೆ ಬೇರೆ ನೆಲವೇ ಇಲ್ಲ. ಹಿಂದೆ ಇಲ್ಲಿನ ಜನ ಪೊದೆ ಮಾಡಿ, ಬಲೆ ಕಟ್ಟಿ, ಹೀಗೆ ಇಳಿದ ಹಕ್ಕಿಗಳನ್ನು ಹಿಡಿದು ತಿನ್ನುತ್ತಿದ್ದರು. 1910ರಲ್ಲಿ ಪಕ್ಷಿ ಕೇಂದ್ರ ಶುರುವಾಯಿತು. ಅದರ ಮೊದಲ ಮುಖ್ಯಸ್ಥ ಹ್ಯೂಗೋ ವೈಗೋಲ್ಡ್ ಅದೇ ಉಪಾಯವನ್ನು ದೊಡ್ಡದು ಮಾಡಿದರು: ಅಗಲ ಬಾಯಿ, ಹೋಗ್ತಾ ಹೋಗ್ತಾ ಕಿರಿದಾಗುವ ಜಾಲರಿ ಸುರಂಗ, ಕೊನೆಗೊಂದು ಪೆಟ್ಟಿಗೆ. ಇವತ್ತು ಯಾವ ದೇಶದಲ್ಲಿ ಕಟ್ಟಿದರೂ ಅದರ ಹೆಸರು 'ಹೆಲ್ಗೋಲ್ಯಾಂಡ್ ಟ್ರ್ಯಾಪ್'.

ಯುದ್ಧ ಮುಗಿದ ಮೇಲೆ, 1947ರ ಏಪ್ರಿಲ್ 18ರಂದು, ಬ್ರಿಟಿಷ್ ನೌಕಾಪಡೆ ಇಲ್ಲಿ ಸಾವಿರಾರು ಟನ್ ಸ್ಫೋಟಕ ಸಿಡಿಸಿತು. ಜನ ಮರಳಿದ್ದು 1952ರಲ್ಲಿ. ಹಕ್ಕಿಗಳ ಕೆಲಸವೂ ಮತ್ತೆ ಮೊದಲಾಯಿತು.

ತೋಟದಲ್ಲಿ ಸ್ವಯಂಸೇವಕರು ಪೊದೆಗಳ ನಡುವೆ ನಿಧಾನವಾಗಿ ನಡೆದು ಹಕ್ಕಿಗಳನ್ನು ಸುರಂಗದತ್ತ ಅಟ್ಟುತ್ತಾರೆ. ದಿನಕ್ಕೆ ಹಲವು ಸಲ. ನನ್ನೆದುರು ಬಂದದ್ದು ಕಪ್ಪು ಟೋಪಿಯ ಬ್ಲ್ಯಾಕ್‌ಕ್ಯಾಪ್. ತೋರುಬೆರಳು, ನಡುಬೆರಳಿನ ಮಧ್ಯೆ ಕತ್ತು, ಅಂಗೈಯಲ್ಲಿ ಬೆನ್ನು. ಕಾಲಿಗೆ ನಂಬರಿನ ಉಂಗುರ, ರೆಕ್ಕೆಗೆ ಸ್ಕೇಲು. ಆಮೇಲೆ ಹೊಟ್ಟೆಯ ಗರಿಗಳ ಮೇಲೆ ಉಫ್ ಅಂತ ಊದಿದರು. ಚರ್ಮದಡಿ ಹಳದಿಯಾಗಿ ಕಾಣೋದು ಕೊಬ್ಬು, ಅಂದ್ರೆ ಮುಂದಿನ ಹಾರಾಟದ ಪೆಟ್ರೋಲು. ಈ ಹಕ್ಕಿಯ ಟ್ಯಾಂಕ್ ಹೆಚ್ಚುಕಮ್ಮಿ ಖಾಲಿ. ತೂಕ 16 ಗ್ರಾಂ. ಅದರ ಎದೆ ಬಡಿತ ನನ್ನ ಕಣ್ಣಿಗೇ ಕಾಣುತ್ತಿತ್ತು.

"ಇಷ್ಟು ಸುಸ್ತಾದದ್ದನ್ನು ಹಿಡಿಯೋದು ಸರಿಯಾ?" ಕೇಳೇಬಿಟ್ಟೆ. ಉಂಗುರ ಹಾಕುತ್ತಿದ್ದ ಹುಡುಗಿ ಬೇಜಾರು ಮಾಡಿಕೊಳ್ಳಲಿಲ್ಲ. ಅದಕ್ಕೇ ಬೇಗ ಬಿಡ್ತೀವಿ, ಆದರೂ ತೊಂದರೆ ಕೊಡೋದಂತೂ ನಿಜ ಅಂದಳು.

ಇಂಥ ಪುಟ್ಟ ಹಕ್ಕಿಗಳಲ್ಲಿ ಬೇರೆ ಊರಲ್ಲಿ ಮತ್ತೆ ಸಿಗುವುದು ನೂರಕ್ಕೆ ಒಂದೂ ಇಲ್ಲ. ನಮ್ಮ ಆಫೀಸಿನಲ್ಲಿ ಇಂಥ ಸಿಸ್ಟಮ್ ಪ್ರಪೋಸ್ ಮಾಡಿದ್ದರೆ ಮೊದಲ ಮೀಟಿಂಗ್‌ನಲ್ಲೇ ನಗುತ್ತಿದ್ದರು. ಆದರೆ ಇಲ್ಲಿ ಉಂಗುರದಷ್ಟೇ ಮುಖ್ಯ, ಅದೇ ತೋಟದಲ್ಲಿ, ಅದೇ ರೀತಿ, ವರ್ಷ ವರ್ಷವೂ ಬರೆದಿಟ್ಟ ದಿನಾಂಕ. 1960ರಿಂದ 2000ದವರೆಗಿನ ಆ ಲೆಕ್ಕದಲ್ಲೇ ಹಲವು ಜಾತಿಯ ಹಕ್ಕಿಗಳು ವಸಂತದಲ್ಲಿ ಮೊದಲಿಗಿಂತ ಬೇಗ ಬರುತ್ತಿವೆ ಅಂತ ಸಂಶೋಧಕರು ಕಂಡುಕೊಂಡರು. ಒಂದೇ ಹಕ್ಕಿಯನ್ನು, ಒಂದೇ ವರ್ಷವನ್ನು ನೋಡಿದ್ದರೆ ಯಾರಿಗೆ ಗೊತ್ತಾಗುತ್ತಿತ್ತು?

ಕಿಟಕಿ ಬಳಿ ಅಂಗೈ ಬಿಚ್ಚಿದಳು. ಹಕ್ಕಿ ಹತ್ತಿರದ ಪೊದೆಗೇ ನುಗ್ಗಿತು, ಹುಳ ಹುಡುಕಲು.

ಇದು ಯುರೋಪಿನ ಶೋಕಿ ಅನ್ಕೋಬೇಡಿ. ಮಂಗೋಲಿಯಾದಲ್ಲಿ ಕತ್ತಿಗೆ ಪಟ್ಟಿ ಹಾಕಿಸಿಕೊಂಡ ಪಟ್ಟೆತಲೆ ಹೆಬ್ಬಾತುಗಳು ನಂಜನಗೂಡು ಬಳಿಯ ಹದಿನಾರು ಕೆರೆಯಲ್ಲಿ ಕಾಣಿಸಿವೆ. ಮುಂದಿನ ಚಳಿಗಾಲ ನಿಮ್ಮೂರ ಕೆರೆಯಲ್ಲಿ ಅಂಥದ್ದು ಕಂಡರೆ ಹತ್ತಿರ ಹೋಗಿ ಹಾರಿಸಬೇಡಿ. ದೂರದಿಂದಲೇ ಜೂಮ್ ಮಾಡಿ, ಅಕ್ಷರ, ಅಂಕೆ ಓದುವಂತೆ ಫೋಟೋ ತೆಗೆಯಿರಿ. ದಿನ, ಜಾಗ ಬರೆದು ಮುಂಬೈನ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಗೆ ಕಳಿಸಿ.