ಉದ್ದ ತೋಳು

ನನ್ನ ಎಡಗೈಯಲ್ಲಿ, ಮಣಿಕಟ್ಟಿನಿಂದ ನಾಲ್ಕು ಬೆರಳು ಮೇಲೆ, ‘ಭೀಮ’ ಎಂಬ ಎರಡಕ್ಷರ ಇದೆ. ಮೊದಲ ಸಂಬಳದ ದುಡ್ಡಿನಲ್ಲಿ ಕುಂದಾಪುರದಲ್ಲಿ ಕರೆಂಟಿನ ಸೂಜಿಯಿಂದ ಹಾಕಿಸಿಕೊಂಡ ಹಚ್ಚೆ. ಕಾಣದ ಕಡೆ, ಬೆನ್ನಿಗೋ ಭುಜಕ್ಕೋ ಹಾಕಿಸಬಹುದಿತ್ತಲ್ಲ ಎಂದು ಗೆಳತಿಯರು ಕೇಳಿದರು. ಮುಚ್ಚಿಡುವುದಕ್ಕಾದರೆ ಹೆಸರನ್ನು ಯಾಕೆ ಸ್ವಾಮಿ ಬರೆಸಿಕೊಳ್ಳಬೇಕು?

ಹಚ್ಚೆ ನಮ್ಮ ಮನೆಗೆ ಪಟ್ಟಣದಿಂದ ಬಂದ ಷೋಕಿಯಲ್ಲ. ಬೈಂದೂರು ಕಡೆಯ ನನ್ನಜ್ಜಿಯ ಎರಡೂ ಮುಂಗೈಗಳಲ್ಲಿ ಹಸಿರುಗಪ್ಪಿನ ಚುಕ್ಕಿಗಳು, ಒಂದು ಚೇಳು. ಕೊರವಂಜಿ ಅಂಗಳದಲ್ಲಿ ಕೂತು ದೀಪದ ಮಸಿಯನ್ನು ಸೊಪ್ಪಿನ ರಸದಲ್ಲಿ ಕಲಸಿ, ಸೂಜಿಗಳ ಕಟ್ಟಿನಿಂದ ಚುಚ್ಚಿದ್ದು. ಕೂಲಿ, ಒಂದು ಸೇರು ಅಕ್ಕಿ. ಅಜ್ಜಿಗೆ ಬಂಗಾರದ ಬಳೆ ಅಂತ ಇರಲಿಲ್ಲ. ‘ಸತ್ತ ಮೇಲೆ ಒಡವೆ ಎಲ್ಲ ಬಿಚ್ಚಿ ತೆಗಿತ್ರ್, ಇದನ್ ಬಿಚ್ಚುಕೆ ಯಾರಿಗೂ ಆತಿಲ್ಲೆ’ ಎನ್ನುತ್ತಿದ್ದಳು.

ಆ ಕೊರವಂಜಿಯ ಕುಲದ ಕಥೆಯನ್ನು ನಾನು ಪುಸ್ತಕದಲ್ಲಿ ಓದಿ ತಿಳಿದೆ. ಬ್ರಿಟಿಷರ 1871ರ ಅಪರಾಧಿ ಬುಡಕಟ್ಟು ಕಾಯಿದೆ 1911ರಲ್ಲಿ ಹೊಸ ರೂಪದಲ್ಲಿ ಮದ್ರಾಸ್ ಪ್ರಾಂತ್ಯಕ್ಕೂ ಹಬ್ಬಿತು. ನಮ್ಮ ಕುಂದಾಪುರ ಸೀಮೆ 1956ರವರೆಗೆ ಮದ್ರಾಸಿಗೇ ಸೇರಿತ್ತು. ಆ ಪ್ರಾಂತ್ಯದ ಹಲವು ಕಡೆ ಕೊರವರು ಹುಟ್ಟಿನಿಂದಲೇ ಕಳ್ಳರೆಂದು ಪಟ್ಟಿಗೆ ಹೋದರು. ಗಂಡ ಠಾಣೆಗೆ ಹಾಜರಿ ಹಾಕಬೇಕು, ಹೆಂಡತಿ ಊರ ಹೆಂಗಸರ ಮುಂಗೈ ಸಿಂಗರಿಸಬೇಕು. ಅವಳು ಬರೆದದ್ದು ಚೆಂದ, ಅವಳು ಮಾತ್ರ ಕಳ್ಳರ ಪೈಕಿ!

ಇನ್ನು ನನ್ನ ಅಮ್ಮನ ಕೈ. ಅದರ ಮೇಲೆ ಯಾವ ಕೊರವಂಜಿಯೂ ಬರೆದಿಲ್ಲ, ಗೇರುಬೀಜದ ಕಾರ್ಖಾನೆ ಬರೆದಿದೆ. ಬೀಜ ಒಡೆಯುವಾಗ ಸಿಪ್ಪೆಯಿಂದ ಜಿನುಗುವ ಎಣ್ಣೆ ತಾಗಿದರೆ ಚರ್ಮ ಸುಡುತ್ತದೆ, ಸುಲಿಯುತ್ತದೆ, ಕಪ್ಪು ಕೂತುಬಿಡುತ್ತದೆ. (ಅಗಸರು ಬಟ್ಟೆಗೆ ಗುರುತು ಹಾಕಲು ಬಳಸುವ ಕಾಡುಗೇರು ಈ ಗೇರಿನ ನೆಂಟನೇ.) ಬೂದಿ, ತೆಂಗಿನೆಣ್ಣೆ ಸವರಿಕೊಂಡು ಅಮ್ಮ ಹತ್ತೊಂಬತ್ತು ವರ್ಷ ಒಡೆದಳು. ಆ ದುಡ್ಡಿನಲ್ಲಿ ನಾನು ಬಿ.ಎ. ಮಾಡಿದೆ. ‘ಈ ಕಪ್ಪು ಕೈ ಮುಚ್ಚಿಕೊಂಡು ಬಾ’ ಎಂದು ಅವಳಿಗೆ ಯಾರೂ ಹೇಳಲಿಲ್ಲ. ಕೈಗವಸು ಕೊಟ್ಟಿದ್ದರೆ ಮುಚ್ಚಿಕೊಳ್ಳುತ್ತಿದ್ದಳು.

ನನಗೆ ಹೇಳಿದರು. ಬ್ರಹ್ಮಾವರದ ಒಂದು ಸಾಲದ ಕಚೇರಿಯ ಕೌಂಟರಿನಲ್ಲಿ ನನ್ನ ಕೆಲಸ. ಹಚ್ಚೆ ಹಾಕಿಸಿಕೊಂಡು ಹೋದ ಮೂರನೇ ದಿನ ಮ್ಯಾನೇಜರು ಒಳಗೆ ಕರೆದರು. ‘ಗಿರಾಕಿಗಳ್ ಎಂತ ಹೇಳ್ತ್ರ್? ನಾಳಿಂದ ಉದ್ದ ತೋಳಿಂದ್ ಹಾಯ್ಕಂಡ್ ಬಾ.’ ನಾನು ಹೊರಗೆ ನೋಡಿದೆ. ಪಕ್ಕದ ಕೌಂಟರಿನ ಸಹೋದ್ಯೋಗಿಯ ಮಣಿಕಟ್ಟಿನಲ್ಲಿ ದೊಡ್ಡದೊಂದು ‘ಓಂ’. ‘ಅದು?’ ಎಂದೆ. ‘ಅದ್ ದೇವ್ರದ್ದಲ್ದಾ ಮರಾಯ್ತಿ’ ಎಂದರು. ಗೆಳೆಯರೇ, ಇಲ್ಲಿಗೆ ಬಂತು ನೋಡಿ ಮಾತು. ಅವರ ಕಣ್ಣು ಚುಚ್ಚಿದ್ದು ಹಚ್ಚೆಯಲ್ಲ, ಅಕ್ಷರ. ಆ ಎರಡಕ್ಷರ ನನ್ನ ಕೇರಿಯ ವಿಳಾಸ ಹೇಳುತ್ತದೆ. ಅಲ್ಲಿಯವರೆಗೆ ಆ ಕಚೇರಿಯಲ್ಲಿ ನಾನು ಬರೀ ‘ಬಿ.ಎ. ಮಾಡಿದ ಹುಡುಗಿ’ ಆಗಿದ್ದೆ.

ಗಿರಾಕಿಗಳು ಏನು ಹೇಳುತ್ತಾರೆ ಎಂಬುದನ್ನೂ ಬರೆಯುತ್ತೇನೆ. ಬಳೆ ಅಡವಿಡಲು ಬಂದ ಒಬ್ಬ ಮುದುಕಿ ನನ್ನ ಕೈ ಹಿಡಿದು ತಿರುಗಿಸಿ ನೋಡಿದರು. ‘ಇದೆಂತ ಬರ್ದದ್ ಮಗಾ?’ ಓದಿ ಹೇಳಿದೆ. ಯಾರು ಭೀಮ ಎಂದು ಕೇಳಲಿಲ್ಲ. ತಮ್ಮ ಸೆರಗು ಸರಿಸಿ ಮಾಸಿದ ಹಚ್ಚೆ ತೋರಿಸಿ, ‘ನಂದ್ ಕಾಣ್, ಅರವತ್ ವರ್ಷ ಆಯ್ತ್. ಜ್ವರ ಬಂದಿತ್ತಾ ನಿಂಗೆ?’ ಎಂದರು. ಬಳೆ ಒಳಗೆ ಹೋಯಿತು. ಹಚ್ಚೆ ಅವರ ಜೊತೆಗೇ ಬಸ್ಸು ಹತ್ತಿತು.

ಕೇಂದ್ರ ಸಶಸ್ತ್ರ ಪೊಲೀಸ್ ಪಡೆಗಳ ಪರೀಕ್ಷೆಗೆ ಓದುತ್ತಿದ್ದ ಬೈಂದೂರಿನ ಗೆಳೆಯನೊಬ್ಬ ಅಲ್ಲಿಯ ನಿಯಮ ತೋರಿಸಿದ. ಸೆಲ್ಯೂಟ್ ಹೊಡೆಯುವ ಬಲ ಮುಂಗೈಯಲ್ಲಿ ಹಚ್ಚೆ ಕೂಡದು, ಎಡ ಮುಂಗೈಯ ಒಳಬದಿಯಲ್ಲಿ ಇರಬಹುದು. ಆ ಭಾಗದ ಕಾಲು ಪಾಲಿಗಿಂತ ಚಿಕ್ಕದಿರಬೇಕು. ದೇವರ ಚಿತ್ರವೂ ಇರಬಹುದು, ಹೆಸರೂ ಇರಬಹುದು. ಬಂದೂಕು ಹಿಡಿದು ಗಡಿ ಕಾಯುವ ಕೈಗೆ ಇಷ್ಟು ಸಲ್ಲುತ್ತದೆ. ಅಡವಿಟ್ಟ ಬಳೆಯ ರಸೀದಿ ಬರೆಯುವ ಕೈಗೆ ಸಲ್ಲುವುದಿಲ್ಲ!

ಉದ್ದ ತೋಳಿನ ಆದೇಶವನ್ನು ಬರಹದಲ್ಲಿ ಕೊಡಿ, ಓಂಕಾರಕ್ಕೂ ಸೇರಿಸಿಯೇ ಕೊಡಿ ಎಂದು ಮ್ಯಾನೇಜರಿಗೆ ಅರ್ಜಿ ಬರೆದುಕೊಟ್ಟೆ. ನಾಲ್ಕು ತಿಂಗಳಾಯಿತು, ಆದೇಶ ಬಂದಿಲ್ಲ. ಗಿಡ್ಡ ತೋಳಿನಲ್ಲೇ ಹೋಗುತ್ತಿದ್ದೇನೆ.