ವೇಷ ಹಾಕುವ ನಾಡು

ಕಂಪೆನಿ ನಾಟಕಗಳಲ್ಲಿ ಒಬ್ಬನೇ ನಟ ಒಂದೇ ರಾತ್ರಿ ದೂತನೂ ಆಗಿ, ಋಷಿಯೂ ಆಗಿ, ಕೊನೆಗೆ ರಾಕ್ಷಸನೂ ಆಗುತ್ತಿದ್ದುದುಂಟು. ದೇಶಗಳ ಪೈಕಿ ಅಂಥ ನಟ ಯಾರೆಂದು ಕೇಳಿದರೆ ನಾನು ಐಸ್‌ಲೆಂಡಿನ ಕಡೆಗೆ ಕೈ ತೋರಿಸುತ್ತೇನೆ. 1985ರ ಬಾಂಡ್ ಚಿತ್ರದಲ್ಲಿ ಅದು ಸೈಬೀರಿಯ. 2014ರ ‘ಇಂಟರ್‌ಸ್ಟೆಲ್ಲರ್’ನಲ್ಲಿ ಬೇರೊಂದು ಗ್ರಹ. 2015ರ ‘ದಿಲ್‌ವಾಲೆ’ಯಲ್ಲಿ ನಮ್ಮ ಶಾರುಖ್ ಖಾನ್, ಕಾಜೋಲ್ ಅಲ್ಲಿಯ ಕಪ್ಪು ಮರಳಿನ ಮೇಲೆ ಹಾಡಿದಾಗಲಂತೂ ಅದು ಯಾವ ದೇಶವೂ ಅಲ್ಲ, ಬರಿಯ ಕನಸು. ಸ್ವಂತ ಹೆಸರಿನಿಂದ ರಂಗಕ್ಕೆ ಬರುವ ಭಾಗ್ಯ ಆ ನಾಡಿಗೆ ಅಪರೂಪ.

ವೇಷವೆಂದ ಮೇಲೆ ಬಣ್ಣ ಬೇಕಷ್ಟೆ. 2002ರ ಬಾಂಡ್ ಚಿತ್ರಕ್ಕಾಗಿ ಯೋಕುಲ್ಸಾರ್‌ಲೋನ್ ಎಂಬ, ಹಿಮಗಡ್ಡೆಗಳು ತೇಲುವ ಸರೋವರದ ಮೇಲೆ ಕಾರು ಓಡಿಸಬೇಕಾಗಿತ್ತು. ಕಡಲಿನ ಉಪ್ಪುನೀರು ಒಳಗೆ ಬರುತ್ತಿರುವಷ್ಟು ಕಾಲ ಅದು ಗಟ್ಟಿಯಾಗಿ ಹೆಪ್ಪುಗಟ್ಟದು. ಸರೋವರದ ಬಾಯಿಗೇ ಕಟ್ಟೆ ಹಾಕಿದರು, ಹೆಪ್ಪುಗಟ್ಟಿತು, ಕಾರೂ ಓಡಿತು.

ಇಂಥ ಬಣ್ಣ ಆಟ ಮುಗಿದೊಡನೆ ತೊಳೆದುಹೋಗುತ್ತದೆ. ತೊಳೆದರೂ ಹೋಗದ ಬಣ್ಣವೂ ಉಂಟು. ದಕ್ಷಿಣ ಐಸ್‌ಲೆಂಡಿನಲ್ಲಿ ಫ್ಯಾದ್ರಾರ್‌ಗ್ಲ್ಯೂವುರ್ ಎಂಬ ಕಮರಿ ಇದೆ (ಹೆಸರನ್ನು ಹೇಳಿ ಮುಗಿಸುವಷ್ಟರಲ್ಲಿ ಒಂದು ಲೋಟ ನೀರು ಬೇಕೆನಿಸುತ್ತದೆ). ಸುಮಾರು 100 ಮೀಟರು ಆಳ, 2 ಕಿಲೋಮೀಟರು ಉದ್ದ. ಬಂಡೆಗಳ ಮೈತುಂಬ ಹಸಿರು ಪಾಚಿ. 2015ರಲ್ಲಿ ಜಸ್ಟಿನ್ ಬೀಬರ್ ಎಂಬ ಗಾಯಕ ಅಲ್ಲಿ ಹಾಡೊಂದರ ಚಿತ್ರ ತೆಗೆಸಿದ. ಅದನ್ನು ನೋಡಿದವರು ಸಾಲುಸಾಲಾಗಿ ಬಂದರು. ಹಾದಿ ಕೆಸರಾಯಿತು. ಕೆಸರು ತಪ್ಪಿಸಲು ಪಾಚಿಯ ಮೇಲೆ ಕಾಲಿಟ್ಟರು, ಅದೂ ಕೆಸರಾಯಿತು. ಆ ಚಳಿಯಲ್ಲಿ ಪಾಚಿ ಬೆಳೆಯುವುದು ಬಹಳ ನಿಧಾನ. ತುಳಿದದ್ದು ಮತ್ತೆ ಹಬ್ಬಲು ದಶಕಗಳೇ ಬೇಕಾದಾವು. 2019ರಲ್ಲಿ ಕೆಲವು ಕಾಲ ಹಾದಿಯನ್ನೇ ಮುಚ್ಚಿದರು. ಕಾವಲಿಗಿದ್ದ ಹೆಂಗಸಿಗೆ ದೇಶದೇಶದ ತಿಂಡಿಗಳು ಲಂಚವಾಗಿ ಬಂದುವಂತೆ. ದುಬೈ ಪ್ರವಾಸದ ಆಮಿಷವೂ ಬಂತಂತೆ! ಆಕೆ ಜಗ್ಗಲಿಲ್ಲ.

ನನಗೂ ಅಲ್ಲಿಗೆ ಹೋಗುವ ಆಸೆ ಉಂಟು, ಸುಳ್ಳೇಕೆ? ತೆರೆಯ ಮೇಲೆ ಆ ಹಸಿರನ್ನು ಕಂಡ ರಾತ್ರಿ ನಿದ್ದೆ ತಡವಾಗಿ ಬಂತು. ಆದರೆ ಆ ಹಾಡು ನೋಡಿ ಹೊರಟವರೂ ನನ್ನಂಥವರೇ ಅಲ್ಲವೆ? ಪಾಚಿಯನ್ನು ಹಾಳುಮಾಡಿ ಬರೋಣವೆಂದು ವಿಮಾನ ಹತ್ತಿದವರು ಯಾರೂ ಇರಲಾರರು. ಮೆಚ್ಚಿಯೇ ಬಂದರು, ಮೆಚ್ಚುತ್ತಲೇ ತುಳಿದರು.

ಇದನ್ನೆಲ್ಲ ಮನೆಯಲ್ಲಿ ವಿವರಿಸಿ, ಹೋಗದೆ ಇರುವುದೂ ಒಂದು ಪುಣ್ಯಕಾರ್ಯವೇ ಎಂದೆ.

“ಹೌದೂರೀ, ಮೇಷ್ಟರ ಸಂಬಳದಲ್ಲಿ ಆ ಪುಣ್ಯ ತಾನಾಗೇ ಬರುತ್ತೆ” ಎಂದಳು ನನ್ನಾಕೆ, ಬದನೆಕಾಯಿ ಹೆಚ್ಚುತ್ತ.