ಅಪ್ಪನ ಜೀಪು ಮುನಿಸಿಕೊಂಡಾಗ

ನಮ್ಮ ಮನೆಯ ಶೆಡ್ಡಿನಲ್ಲಿ ನನಗಿಂತ ಹಿರಿಯರೊಬ್ಬರು ಇದ್ದಾರೆ. ಹುಟ್ಟಿದ್ದು 1944ರಲ್ಲಿ. ಹಸಿರು ಮೈ, ದುಂಡು ಕಣ್ಣು, ಬೆಳಗಿನ ಹೊತ್ತು ಸ್ವಲ್ಪ ಕೆಮ್ಮು. ಅವರೇ ನಮ್ಮಪ್ಪನ ವಿಲ್ಲೀಸ್ ಜೀಪು.

ಎರಡನೇ ಮಹಾಯುದ್ಧಕ್ಕೆಂದು ಅಮೆರಿಕದ ವಿಲ್ಲೀಸ್ ಮತ್ತು ಫೋರ್ಡ್ ಕಂಪನಿಗಳು ಇಂಥ 6 ಲಕ್ಷಕ್ಕೂ ಹೆಚ್ಚು ಜೀಪುಗಳನ್ನು ತಯಾರಿಸಿದವು. ಯುದ್ಧ ಮುಗಿದ ಮೇಲೆ ಸೇನೆಗೆ ಬೇಡವಾದವು ಹರಾಜಿಗೆ ಬಂದವು. ಹಾಗೆ ಕೊಂಡದ್ದನ್ನೇ ಅಪ್ಪ ಸಕಲೇಶಪುರದ ಹತ್ತಿರದ ನಮ್ಮ ಕಾಫಿ ತೋಟಕ್ಕೆ ತಂದರು. ಮಳೆಗಾಲದ ಕೆಸರಿನಲ್ಲಿ ನಮ್ಮ ದಿಬ್ಬ ಹತ್ತಲು ನಾಲ್ಕೂ ಚಕ್ರ ಎಳೆಯುವ ಗಾಡಿಯೇ ಬೇಕಿತ್ತು. ನಾನು ಹುಟ್ಟಿದಾಗ ಅಮ್ಮನ ಮಡಿಲಲ್ಲಿ ಆಸ್ಪತ್ರೆಯಿಂದ ಮನೆಗೆ ಬಂದದ್ದೂ ಅದರಲ್ಲೇ.

ಕಳೆದ ಡಿಸೆಂಬರಿನಲ್ಲಿ, ಕಾಫಿ ಕೊಯ್ಲಿನ ಹೊತ್ತಿಗೆ ಸರಿಯಾಗಿ, ಜೀಪು ಹಟ ಹಿಡಿಯಿತು. ಕಾಲಿನಿಂದ ಸ್ಟಾರ್ಟರ್ ಒತ್ತಿದರೆ "ಊಂ... ಊಂ..." ಎಂದು ನರಳುತ್ತಿತ್ತೇ ಹೊರತು ಎಂಜಿನ್ ಹತ್ತುತ್ತಿರಲಿಲ್ಲ. ಹಿಂದಿನ ವಾರವಷ್ಟೇ ಪೇಟೆಯ ಗ್ಯಾರೇಜಿನ ಹುಡುಗ ಬಂದು, ತುಕ್ಕು ಹಿಡಿದಿದ್ದ ಬ್ಯಾಟರಿ ಕೇಬಲ್‌ಗಳನ್ನು ಬದಲಿಸಿ ಹೋಗಿದ್ದ. ನನಗೆ ಸಿಟ್ಟು ಬಂತು. ಕೊಯ್ಲಿನ ಆಳುಗಳ ಎದುರಿಗೇ ಅವನಿಗೆ ಫೋನ್ ಮಾಡಿ, "ಸರಿ ಇದ್ದ ಗಾಡೀನ ಕೆಡಿಸಿ ಹೋದೆ. ಇನ್ನು ಈ ಕಡೆ ಬರಬೇಡ" ಎಂದುಬಿಟ್ಟೆ. ಅವನು "ಆಯ್ತು ಸಾರ್" ಎಂದಷ್ಟೇ ಹೇಳಿ ಫೋನ್ ಇಟ್ಟ.

ಅಷ್ಟರಲ್ಲಿ ರಜೆಗೆಂದು ಬೆಂಗಳೂರಿನಿಂದ ಮೊಮ್ಮಗಳು ಬಂದಳು. ಏಳನೇ ಕ್ಲಾಸು. "ತಾತ, ನಾವಿಬ್ರೇ ರಿಪೇರಿ ಮಾಡೋಣ" ಎಂದಳು.

"ಮಾಡೋಣ ಪುಟ್ಟಿ, ಆದ್ರೆ ಕಂಡಕಂಡದ್ದನ್ನೆಲ್ಲ ಬಿಚ್ಚಬಾರದು" ಎಂದೆ. ಇದು ಅಪ್ಪ ಹೇಳಿಕೊಟ್ಟ ಪಾಠ. ಪೆಟ್ರೋಲ್ ಎಂಜಿನ್ನಿಗೆ ಬೇಕಾದ್ದು ಮುಖ್ಯವಾಗಿ ಮೂರು: ಪೆಟ್ರೋಲ್, ಗಾಳಿ, ಕಿಡಿ. ಒಂದೊಂದಾಗಿ ನೋಡುತ್ತಾ ಹೋಗಬೇಕು.

ಮೊದಲು ಪೆಟ್ರೋಲ್. ಸ್ಪಾರ್ಕ್ ಪ್ಲಗ್ ಬಿಚ್ಚಿ ಮೂಸಿದೆವು. ಪೆಟ್ರೋಲ್ ವಾಸನೆ ಘಮ್ಮೆಂದಿತು. ಅಂದರೆ ಪೆಟ್ರೋಲ್ ಬರುತ್ತಿದೆ. ಆಮೇಲೆ ಗಾಳಿ. ಏರ್ ಕ್ಲೀನರ್ ತೆಗೆದು ನೋಡಿದರೆ ದಾರಿ ಕಟ್ಟಿರಲಿಲ್ಲ, ಚೋಕ್ ಕೂಡ ಸರಾಗವಾಗಿ ಆಡುತ್ತಿತ್ತು. ಉಳಿದದ್ದು ಕಿಡಿ. ನಾನು ಪ್ಲಗ್ಗಿನ ವಯರನ್ನು ಎಂಜಿನ್ನಿನ ಹತ್ತಿರ ಇಟ್ಟೆ, ಮಗ ಸ್ಟಾರ್ಟರ್ ಒತ್ತಿದ. ಮಂಕಾದ ಹಳದಿ ಕಿಡಿ! ಒಳ್ಳೆಯ ಕಿಡಿ ನೀಲಿಯಾಗಿ 'ಟಪ್' ಎನ್ನಬೇಕು. ಪಾಯಿಂಟುಗಳನ್ನು ಉಜ್ಜಿ, ಅಂತರವನ್ನು ಅರ್ಧ ಮಿಲಿಮೀಟರಿಗೆ ಸರಿಮಾಡಿದೆ. ಆದರೂ ಕಿಡಿ ಹಳದಿಯೇ.

ಕೊನೆಗೆ ಮುಂದಿನಿಂದ ಹ್ಯಾಂಡಲ್ ಹಾಕಿ ತಿರುಗಿಸಿದೆ. (ಮಕ್ಕಳೇ, ಇದನ್ನು ನೀವು ಮುಟ್ಟಬೇಡಿ. ಎಂಜಿನ್ ಒದ್ದರೆ ಕೈಮೂಳೆಯೇ ಮುರಿಯಬಹುದು. ಹೆಬ್ಬೆರಳನ್ನು ಹ್ಯಾಂಡಲ್ಲಿಗೆ ಸುತ್ತದೆ, ಉಳಿದ ಬೆರಳುಗಳ ಪಕ್ಕದಲ್ಲೇ ಇಟ್ಟು ಮೇಲಕ್ಕೆ ಎಳೆಯಬೇಕೆಂದು ಅಪ್ಪ ಕಟ್ಟುನಿಟ್ಟಾಗಿ ಹೇಳುತ್ತಿದ್ದರು.) ಮೂರನೇ ಎಳೆತಕ್ಕೆ ಎಂಜಿನ್ ಹತ್ತಿಕೊಂಡಿತು!

ಕೈಯಿಂದ ತಿರುಗಿಸಿದರೆ ಹತ್ತುತ್ತದೆ, ಸ್ಟಾರ್ಟರ್ ಒತ್ತಿದರೆ ಇಲ್ಲ. ಇದೆಂಥ ವಿಚಿತ್ರ? ಮರುದಿನ ಬೆಳಿಗ್ಗೆ ಮತ್ತೆ ಸ್ಟಾರ್ಟರ್ ಒತ್ತಿ ಒತ್ತಿ ಸೋತು, ಸ್ವಿಚ್ ಆಫ್ ಮಾಡಿ ಕುಳಿತೆವು. ಬಾನೆಟ್ಟಿನ ಪಕ್ಕ ನಿಂತಿದ್ದ ಮೊಮ್ಮಗಳು ಬ್ಯಾಟರಿಯ ಕೇಬಲ್ ಮುಟ್ಟಿ, ಕೈ ಹಿಂದಕ್ಕೆ ಎಳೆದುಕೊಂಡಳು.

"ತಾತ, ಎಂಜಿನ್ ತಣ್ಣಗಿದೆ. ಈ ವಯರ್ ಯಾಕೆ ಇಷ್ಟು ಬಿಸಿ?"

ನನ್ನ ತಲೆಯಲ್ಲಿ ದೀಪ ಹೊತ್ತಿತು. ಈಗಿನ ಕಾರುಗಳ ಬ್ಯಾಟರಿ 12 ವೋಲ್ಟ್, ನಮ್ಮ ಜೀಪಿನದು 6. ವೋಲ್ಟ್ ಅರ್ಧವಾದರೆ ಅಷ್ಟೇ ಕೆಲಸಕ್ಕೆ ಎರಡರಷ್ಟು ಕರೆಂಟ್ ಹರಿಯಬೇಕು. ಅದಕ್ಕೆ ಕೇಬಲ್ ದಪ್ಪಗಿರಬೇಕು. ಸಣ್ಣ ಪೈಪಿನಲ್ಲಿ ಇಡೀ ತೋಟಕ್ಕೆ ನೀರು ಹಾಯಿಸಲು ಆಗುತ್ತದೆಯೇ? ಸಣ್ಣ ಕೇಬಲ್ ಶಕ್ತಿಯನ್ನೆಲ್ಲ ಬಿಸಿ ಮಾಡಿ ಕಳೆಯುತ್ತಿತ್ತು. ಉಳಿದದ್ದನ್ನು ಸ್ಟಾರ್ಟರ್ ನುಂಗುತ್ತಿತ್ತು, ಕಿಡಿಗೆ ಉಪವಾಸ. ಕೈಯಿಂದ ತಿರುಗಿಸಿದಾಗ ಸ್ಟಾರ್ಟರಿಗೆ ಕೆಲಸವಿಲ್ಲ, ಆದ್ದರಿಂದ ಕಿಡಿಗೆ ಹೊಟ್ಟೆತುಂಬ ಊಟ!

"ಹಾಗಾದ್ರೆ ತಪ್ಪು ಕೇಬಲ್ ಹಾಕಿದ ಆ ಅಣ್ಣಂದಾ?" ಎಂದಳು ಮೊಮ್ಮಗಳು.

ನನಗೆ ಆ ದಿನ ನೆನಪಾಯಿತು. ಕೇಬಲ್ ಕೈಯಲ್ಲಿ ಹಿಡಿದು ಆ ಹುಡುಗ ಕೇಳಿದ್ದ, "ಸಾರ್, ಹಳೇದು ಇದಕ್ಕಿಂತ ದಪ್ಪ ಇತ್ತಲ್ವಾ?" ಕಾರಿನ ಕೇಬಲ್ಲನ್ನು ಅಂಗಡಿಯಿಂದ ತಂದವನು ನಾನು. "ಹೊಸದು ಅಲ್ವೇನೋ, ಹಾಕು, ಸಾಕು" ಎಂದವನೂ ನಾನೇ.

"ಅವನದ್ದಲ್ಲ ಪುಟ್ಟಿ, ನನ್ನದು" ಎಂದೆ. ಮೊಮ್ಮಗಳ ಎದುರು ಅಷ್ಟು ಹೇಳಲು ಹ್ಯಾಂಡಲ್ ತಿರುಗಿಸಿದ್ದಕ್ಕಿಂತ ಹೆಚ್ಚು ಶಕ್ತಿ ಬೇಕಾಯಿತು.

ಲಾರಿ ಸಾಮಾನಿನ ಅಂಗಡಿಯಿಂದ ಬೆರಳು ದಪ್ಪದ ಕೇಬಲ್ ತಂದು ಹಾಕಿದೆವು. ಅರ್ತ್ ವಯರ್ ಕೂರುವ ಜಾಗದ ತುಕ್ಕನ್ನು ಮೊಮ್ಮಗಳೇ ಉಜ್ಜಿ ಫಳಫಳ ಮಾಡಿದಳು. ಸ್ಟಾರ್ಟರ್ ಒತ್ತಿದೆ. ಎಂಜಿನ್ ಗುಡುಗಿತು. ನಾವು ಶೆಡ್ಡಿನಿಂದ ಸೀದಾ ಹೋದದ್ದು ಪೇಟೆಯ ಗ್ಯಾರೇಜಿಗೆ.

ಅಲ್ಲಿ ನಾಲ್ಕಾರು ಗಿರಾಕಿಗಳಿದ್ದರು. ಒಳ್ಳೆಯದೇ ಆಯಿತು. ನಾನು ಬೈದದ್ದೂ ನಾಲ್ಕು ಜನರ ಎದುರಿಗೇ ಅಲ್ಲವೇ? "ತಪ್ಪು ನಂದಪ್ಪಾ. ನೀನು ಹೇಳಿದ್ದನ್ನ ನಾನು ಕೇಳಲಿಲ್ಲ" ಎಂದೆ. ಅವನು ಏನೂ ಹೇಳಲಿಲ್ಲ. ಕೈಯನ್ನು ಬಟ್ಟೆಗೆ ಒರೆಸಿಕೊಂಡು ಬಂದು, ಬಾನೆಟ್ ಎತ್ತಿ, ಜೀಪು ಆಫ್ ಮಾಡಿಸಿ ಎರಡು ಸಲ ಸ್ಟಾರ್ಟ್ ಮಾಡಿಸಿದ. ಆಮೇಲೆ ಕೇಬಲ್ ಮೇಲೆ ಕೈ ಇಟ್ಟು ನಕ್ಕ.

"ತಣ್ಣಗಿದೆ ಸಾರ್. ಬನ್ನಿ, ಟೀ ಕುಡಿಯೋಣ."